ಸೋಂಕು ತಗಲುವುದು ಸರಾಸರಿಗಲ್ಲ

ಅಮೆರಿಕದ ಹಿಸ್ಪಾನಿಕ್ ವಯಸ್ಕರಲ್ಲಿ ಹೆಪಟೈಟಿಸ್ ಬಿ ಎಷ್ಟರಮಟ್ಟಿಗೆ ಹರಡಿದೆ ಎಂದು ಕೇಳಿದರೆ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಮೊದಲನೆಯದು ಹೀಗಿದೆ: ಇವರಲ್ಲಿ ಬಹಳಷ್ಟು ಮಂದಿ ಲ್ಯಾಟಿನ್ ಅಮೆರಿಕದ ಬಡ ದೇಶಗಳಿಂದ ವಲಸೆ ಬಂದವರು ಅಥವಾ ವಲಸಿಗರ ಮಕ್ಕಳು, ಇವರಲ್ಲಿ ಲಿವರ್ ಕ್ಯಾನ್ಸರ್ ಬಿಳಿಯರಿಗಿಂತ ಸುಮಾರು ಎರಡು ಪಟ್ಟು, ಜಗತ್ತಿನಲ್ಲಿ ಲಿವರ್ ಕ್ಯಾನ್ಸರಿನ ಮುಖ್ಯ ಕಾರಣಗಳಲ್ಲೊಂದು ಹೆಪಟೈಟಿಸ್ ಬಿ, ಹಾಗಾಗಿ ಈ ಸೋಂಕು ಇವರಲ್ಲಿ ಹೆಚ್ಚಿರಲೇಬೇಕು. ಎರಡನೆಯ ಉತ್ತರ ಇದಕ್ಕೆ ತೀರಾ ವಿರುದ್ಧ. ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆಯ 2015-2018ರ ಅಂಕಿಗಳನ್ನು ತೆಗೆದು ನೋಡಿ, ಹಿಂದೆಂದಾದರೂ ಅಥವಾ ಈಗ ಸೋಂಕಿಗೆ ಒಳಗಾದವರು ಏಷ್ಯನ್ ವಯಸ್ಕರಲ್ಲಿ ಶೇ. 21.1, ಕಪ್ಪು ವಯಸ್ಕರಲ್ಲಿ ಶೇ. 10.8, ಹಿಸ್ಪಾನಿಕ್ ವಯಸ್ಕರಲ್ಲಿ ಬರೀ ಶೇ. 3.8, ಬಿಳಿಯರಲ್ಲಿ ಶೇ. 2.1, ಹಾಗಾಗಿ ಇದು ಏಷ್ಯನ್ನರ ತಲೆನೋವು, ಹಿಸ್ಪಾನಿಕ್ ಜನ ಇದಕ್ಕಾಗಿ ನಿದ್ದೆಗೆಡಬೇಕಿಲ್ಲ ಎನ್ನುತ್ತದೆ ಅದು. ಎರಡೂ ಉತ್ತರಗಳ ಹಿಂದೆ ನಿಜವಾದ ಸಂಗತಿಗಳಿವೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೂ ಎರಡೂ ತಪ್ಪು. ಅವು ತಪ್ಪುವುದೂ ಒಂದೇ ಜಾಗದಲ್ಲಿ: ಒಂದು ಜನಗಣತಿ ವರ್ಗಕ್ಕೆ ಒಂದು ಶೇಕಡಾವಾರು ಸಿಕ್ಕಿಬಿಟ್ಟರೆ ಆ ವರ್ಗದ ಪ್ರತಿಯೊಬ್ಬನ ರಕ್ತದ ಬಗ್ಗೆ ಏನೋ ತಿಳಿದಂತಾಯಿತು ಎಂದು ಎರಡೂ ನಂಬಿಕೊಂಡಿವೆ.

ಮೊದಲು ಕ್ಯಾನ್ಸರಿನ ವಾದವನ್ನು ನೋಡೋಣ, ಏಕೆಂದರೆ ಅದು ಮೇಲ್ನೋಟಕ್ಕೆ ಬಹಳ ಗಟ್ಟಿಯಾಗಿದೆ. ಲಿವರ್ ಕ್ಯಾನ್ಸರ್ ಹೆಚ್ಚು ಎನ್ನುವುದು ನಿಜ. ಆದರೆ ಅದಕ್ಕೆ ಹೆಪಟೈಟಿಸ್ ಬಿಯೇ ಕಾರಣವಾಗಿದ್ದರೆ, ಸೋಂಕು ಎಲ್ಲಿ ಹೆಚ್ಚಿದೆಯೋ ಅಲ್ಲೇ ಕ್ಯಾನ್ಸರ್ ಕೂಡ ಹೆಚ್ಚಿರಬೇಕಿತ್ತು. ಅದೇ ಸಮೀಕ್ಷೆಯ ಪ್ರಕಾರ ಹೊರದೇಶದಲ್ಲಿ ಹುಟ್ಟಿದ ವಯಸ್ಕರಲ್ಲಿ ಸೋಂಕಿನ ಗುರುತು ಇದ್ದವರು ಶೇ. 11.9, ಅಮೆರಿಕದಲ್ಲಿ ಹುಟ್ಟಿದವರಲ್ಲಿ ಶೇ. 2.5. ಇದು ಎಲ್ಲ ಜನಾಂಗಗಳನ್ನೂ ಸೇರಿಸಿದ ಲೆಕ್ಕ. ಹಿಸ್ಪಾನಿಕ್ ಜನರೊಳಗೂ ಹೊರಗೆ ಹುಟ್ಟಿದವರಲ್ಲೇ ಸೋಂಕು ಹೆಚ್ಚು. ಲಿವರ್ ಕ್ಯಾನ್ಸರ್ ಮಾತ್ರ ಹಿಸ್ಪಾನಿಕ್ ಗಂಡಸರಲ್ಲಿ ಉಲ್ಟಾ ಹೋಗುತ್ತದೆ: ಅಮೆರಿಕದಲ್ಲೇ ಹುಟ್ಟಿ ಬೆಳೆದವರಲ್ಲಿ ಅದು ವಲಸೆ ಬಂದವರಿಗಿಂತ ಹೆಚ್ಚು, ದಕ್ಷಿಣ ಟೆಕ್ಸಾಸಿನಲ್ಲಂತೂ ತುಂಬಾ ಹೆಚ್ಚು. ಕಾರಣ ಎಂದು ಹೇಳುವ ಸಂಗತಿ ಒಂದು ದಿಕ್ಕಿಗೆ, ಪರಿಣಾಮ ಎಂದು ಹೇಳುವ ಸಂಗತಿ ಇನ್ನೊಂದು ದಿಕ್ಕಿಗೆ ಹೋದರೆ ಆ ಪರಿಣಾಮದ ನಿಜವಾದ ಕಾರಣ ಬೇರೆಯೇ ಇರಬೇಕು. ಇಲ್ಲಿ ಅದು ಬಹುಪಾಲು ಫ್ಯಾಟಿ ಲಿವರ್, ಸಕ್ಕರೆ ಕಾಯಿಲೆ, ಮದ್ಯ ಮತ್ತು ಹೆಪಟೈಟಿಸ್ ಸಿ. ಲಿವರಿನಲ್ಲಿ ಕೊಬ್ಬು ಶೇಖರವಾಗಲು ನೆರವಾಗುವ ಒಂದು ಜೀನ್ ರೂಪಾಂತರ ಹಿಸ್ಪಾನಿಕ್ ಜನರಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಾಣುತ್ತದೆ ಎನ್ನುವುದೂ ಗೊತ್ತಿರುವ ವಿಷಯ. ಸಂಕಟ ಎಲ್ಲಿದೆಯೋ ಅಲ್ಲಿ ನೋಡದೆ ಪರಿಚಿತ ವೈರಾಣುವಿನ ಮೇಲೆ ಹೊಣೆ ಹೊರಿಸಿದರೆ, ಡಾಕ್ಟರು ರೋಗಿಯ ತೂಕವನ್ನೂ ಸಕ್ಕರೆಯನ್ನೂ ಕೇಳುವುದನ್ನು ಮರೆಯುತ್ತಾರೆ. ಇದು ಪುಸ್ತಕದ ತರ್ಕದೋಷವಾಗಿ ಉಳಿಯುವುದಿಲ್ಲ, ನಿಜವಾದ ರೋಗಿಗಳಿಗೆ ಹಾನಿ ಮಾಡುತ್ತದೆ.

ಇನ್ನು ಎರಡನೆಯ ಉತ್ತರ. ಅದು ನಿಂತಿರುವುದು ಶೇ. 3.8 ಎಂಬ ಅಂಕಿಯ ಮೇಲೆ. ಈ ಅಂಕಿ ಏನನ್ನು ಅಳೆಯುತ್ತದೆ ಎಂದು ತಿಳಿಯಬೇಕಾದರೆ ಪ್ರಯೋಗಾಲಯದ ವರದಿಯನ್ನು ಹತ್ತಿರದಿಂದ ನೋಡಬೇಕು. ಹೆಪಟೈಟಿಸ್ ಬಿ ಪೂರ್ತಿ ಪರೀಕ್ಷೆ ಎಂದರೆ ಒಂದು ಕೊಳವೆ ರಕ್ತ, ವರದಿಯಲ್ಲಿ ಮೂರು ಸಾಲು.

1. ವೈರಾಣುವಿನ ಹೊರಮೈ ಪ್ರೋಟೀನು, ಅಂದರೆ ಸರ್ಫೇಸ್ ಆಂಟಿಜೆನ್. ಇದು ಪಾಸಿಟಿವ್ ಬಂದರೆ ವೈರಾಣು ಈಗ ಮೈಯಲ್ಲಿದೆ. ಆರು ತಿಂಗಳು ದಾಟಿಯೂ ಇದ್ದರೆ ಅದು ದೀರ್ಘಕಾಲದ ಸೋಂಕು. ಬರೂಚ್ ಬ್ಲಂಬರ್ಗ್ 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಮೊದಲು ಗುರುತಿಸಿದ್ದು ಇದನ್ನೇ. 1976ರಲ್ಲಿ ಅವರಿಗೆ ನೊಬೆಲ್ ಬಂತು.

2. ವೈರಾಣುವಿನ ಒಳತಿರುಳಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ, ಅಂದರೆ ಕೋರ್ ಆಂಟಿಬಾಡಿ. ಸೋಂಕು ಎಂದಾದರೂ ತಗಲಿತ್ತು ಎನ್ನುವುದಕ್ಕೆ ಇದು ಸಾಕ್ಷಿ. ವಾಸಿಯಾಗಿ ನಲವತ್ತು ವರ್ಷ ಕಳೆದರೂ ಸಾಮಾನ್ಯವಾಗಿ ಇದು ಉಳಿದಿರುತ್ತದೆ.

3. ಹೊರಮೈ ಪ್ರೋಟೀನಿನ ವಿರುದ್ಧದ ಪ್ರತಿಕಾಯ. ಇದಿದ್ದರೆ ರಕ್ಷಣೆ ಇದೆ. ಎರಡನೆಯ ಸಾಲು ನೆಗೆಟಿವ್ ಆಗಿ ಇದೊಂದೇ ಪಾಸಿಟಿವ್ ಇದ್ದರೆ ರಕ್ಷಣೆ ಬಂದದ್ದು ಲಸಿಕೆಯಿಂದ.

ಶೇ. 3.8 ಎನ್ನುವುದು ಎರಡನೆಯ ಸಾಲಿನ ಲೆಕ್ಕ. ಅದರಲ್ಲಿ ಈಗ ವೈರಾಣು ಹೊತ್ತವರೂ ಇದ್ದಾರೆ, ಯಾವತ್ತೋ ಕಾಮಾಲೆ ಬಂದು ವಾಸಿಯಾಗಿ ಮರೆತವರೂ ಇದ್ದಾರೆ, ಬಂದದ್ದೇ ತಿಳಿಯದವರೂ ಇದ್ದಾರೆ. ಇವರ ನಡುವಿನ ಅನುಪಾತ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಸೋಂಕು ಯಾವ ವಯಸ್ಸಿನಲ್ಲಿ ತಗಲಿತು ಎನ್ನುವುದರ ಮೇಲೆ ಅದು ನಿಂತಿದೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ತಗಲಿದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಬದುಕಿಡೀ ಉಳಿಯುತ್ತದೆ. ಪ್ರಾಯಕ್ಕೆ ಬಂದ ಮೇಲೆ ತಗಲಿದರೆ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ ಮಾತ್ರ ಉಳಿಯುತ್ತದೆ. ಪೂರ್ವ ಏಷ್ಯಾದಲ್ಲಿ ತಾಯಿಯಿಂದ ಮಗುವಿಗೆ ದಾಟುವುದು ಹೆಚ್ಚಾಗಿದ್ದುದರಿಂದ ಅಲ್ಲಿ ಕೋರ್ ಆಂಟಿಬಾಡಿ ಇದ್ದವರಲ್ಲಿ ಈಗಲೂ ಸೋಂಕಿತರಾಗಿರುವವರು ಹೆಚ್ಚು. ಅಷ್ಟೇ ಶೇಕಡಾವಾರು ಕೋರ್ ಆಂಟಿಬಾಡಿ ಇನ್ನೊಂದು ಜನರಲ್ಲಿ ಕಂಡರೆ ಅವರಲ್ಲೂ ಅಷ್ಟೇ ಮಂದಿ ರೋಗಿಗಳು ಇದ್ದಾರೆಂದು ಹೇಳಲು ಬರುವುದಿಲ್ಲ. 'ಹೆಪಟೈಟಿಸ್ ಬಿ ಎಷ್ಟು ವ್ಯಾಪಕ' ಎಂಬ ಪ್ರಶ್ನೆ ಹೀಗೆ ಮೊದಲ ಹೆಜ್ಜೆಯಲ್ಲೇ ಎರಡಾಗಿ ಒಡೆಯುತ್ತದೆ: ಎಷ್ಟು ಜನರಿಗೆ ಎಂದಾದರೂ ತಗಲಿತ್ತು, ಎಷ್ಟು ಜನರ ಮೈಯಲ್ಲಿ ಈಗ ಇದೆ. ಪತ್ರಿಕಾ ವರದಿಗಳು ಮೊದಲನೆಯದರ ಅಂಕಿಯನ್ನು ಎರಡನೆಯದರ ಉತ್ತರವೆಂಬಂತೆ ಅಚ್ಚು ಹಾಕುವುದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಇದು ಒಂದು ವಾಕ್ಯ ಸೇರಿಸಿದರೆ ಸರಿಹೋಗುವ ತಪ್ಪು.

ಈಗ ಇರುವ ಸೋಂಕಿನ ಲೆಕ್ಕಕ್ಕೆ ನೆರವಾಗುವ ದೊಡ್ಡ ಅಧ್ಯಯನವೊಂದಿದೆ. 2008ರಿಂದ 2011ರವರೆಗೆ ನ್ಯೂಯಾರ್ಕಿನ ಬ್ರಾಂಕ್ಸ್, ಷಿಕಾಗೋ, ಮಯಾಮಿ ಮತ್ತು ಸ್ಯಾನ್ ಡಿಯಾಗೋಗಳಲ್ಲಿ 18ರಿಂದ 74 ವರ್ಷದ 16,415 ಹಿಸ್ಪಾನಿಕ್ ವಯಸ್ಕರನ್ನು ಕಲೆಹಾಕಿ ನಡೆಸಿದ ಸಮುದಾಯ ಆರೋಗ್ಯ ಅಧ್ಯಯನ ಅದು. ಅದರಲ್ಲಿ ಈಗ ಸೋಂಕು ಇರುವವರು ಸುಮಾರು ಶೇ. 0.3. ಇಡೀ ಅಮೆರಿಕದ ಸರಾಸರಿಯೂ ಹೆಚ್ಚೂಕಡಿಮೆ ಇಷ್ಟೇ. ಅಂದರೆ 'ಇವರಲ್ಲಿ ಹೆಚ್ಚಿರಲೇಬೇಕು' ಎಂಬ ಮೊದಲ ಗುಂಪಿನವರ ಊಹೆ ನಿಲ್ಲುವುದಿಲ್ಲ. ಇಲ್ಲಿಗೆ ಎರಡನೆಯ ಗುಂಪು ಗೆದ್ದಂತೆ ಕಾಣುತ್ತದೆ. ಆದರೆ ಅದೇ ಅಧ್ಯಯನ ಒಳಗಿನ ವಿವರಕ್ಕೆ ಇಳಿದಾಗ ಬೇರೆ ಚಿತ್ರ ಕೊಡುತ್ತದೆ. ಡೊಮಿನಿಕನ್ ಮೂಲದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಸೋಂಕು ಎಂದಾದರೂ ತಗಲಿದ ಗುರುತಿತ್ತು. ಮೆಕ್ಸಿಕನ್ ಮೂಲದವರಲ್ಲಿ ಅದು ಇದರ ಒಂದು ಸಣ್ಣ ಪಾಲು. ಈಗಿನ ಸೋಂಕೂ ಡೊಮಿನಿಕನ್ನರಲ್ಲೇ ಎಲ್ಲರಿಗಿಂತ ಹೆಚ್ಚು. ಐವರಲ್ಲಿ ಒಬ್ಬರು ಎಂದರೆ ಏಷ್ಯನ್ ವಯಸ್ಕರ ಸಾಲಿನಲ್ಲಿ ಕಂಡ ಶೇ. 21.1ರ ಹತ್ತಿರ ಬಂತು. 'ಇದು ಏಷ್ಯನ್ನರ ತಲೆನೋವು' ಎಂದವರು ಬ್ರಾಂಕ್ಸಿನ ಒಂದು ಡೊಮಿನಿಕನ್ ಬೀದಿಯಲ್ಲಿ ನಿಂತು ಆ ಮಾತು ಹೇಳಲಾರರು.

ಈ ವ್ಯತ್ಯಾಸ ಎಲ್ಲಿಂದ ಬಂತು? ಹಿಸ್ಪಾನಿಕ್ ಎನ್ನುವುದು ವೈರಾಣುಶಾಸ್ತ್ರ ಹುಟ್ಟುಹಾಕಿದ ಗುಂಪಲ್ಲ. ಅಮೆರಿಕದ ಸರ್ಕಾರಿ ದಾಖಲೆಗಳಿಗೆ ಒಂದೇ ಬಗೆಯ ವರ್ಗೀಕರಣ ಬೇಕೆಂದು 1977ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಅದು ಸೇರಿತು; 1980ರ ಜನಗಣತಿಯಲ್ಲಿ ಪ್ರತಿ ಮನೆಯಲ್ಲೂ ಆ ಪ್ರಶ್ನೆ ಕೇಳಿದರು. ನಾಗರಿಕ ಹಕ್ಕುಗಳ ಕಾನೂನು ಜಾರಿಯಾಗಿದೆಯೇ ಎಂದು ಅಳೆಯಲು ಅದು ಅಗತ್ಯವಾಗಿತ್ತು, ಆ ಕೆಲಸಕ್ಕೆ ಇಂದಿಗೂ ಬೇಕು. ಆದರೆ ಆ ಒಂದು ಚೌಕದೊಳಗೆ ಮೆಕ್ಸಿಕೋದ ಒಣ ಪ್ರಸ್ಥಭೂಮಿಯವರು, ಕೆರಿಬಿಯನ್ ದ್ವೀಪದವರು, ಆಂಡಿಸ್ ಕಣಿವೆಯವರು, ನಾಲ್ಕು ತಲೆಮಾರಿನಿಂದ ಟೆಕ್ಸಾಸಿನಲ್ಲೇ ಇರುವವರು ಎಲ್ಲರೂ ಇದ್ದಾರೆ. ವೈರಾಣುವಿನ ನಕ್ಷೆ ಬೇರೆಯದೇ. ಮೆಕ್ಸಿಕೋದಲ್ಲಿ ಹೆಪಟೈಟಿಸ್ ಬಿ ಕಡಿಮೆ. ಡೊಮಿನಿಕನ್ ಗಣರಾಜ್ಯ ಮತ್ತು ಹೈಟಿ ಹಂಚಿಕೊಂಡಿರುವ ಹಿಸ್ಪಾನಿಯೋಲಾ ದ್ವೀಪದಲ್ಲಿ ಹೆಚ್ಚು. ಬ್ರೆಜಿಲ್, ಪೆರು, ಕೊಲಂಬಿಯಾ, ವೆನೆಜುವೆಲಾಗಳಿಗೆ ಸೇರಿದ ಅಮೆಜಾನ್ ಭಾಗಗಳಲ್ಲಿ ಬಹಳ ಹೆಚ್ಚು, ಅದರ ಬೆನ್ನಿಗೆ ಹೆಪಟೈಟಿಸ್ ಡಿ ಎಂಬ ಡೆಲ್ಟಾ ವೈರಾಣುವೂ ಸೇರಿಕೊಂಡು ರೋಗವನ್ನು ಉಗ್ರಗೊಳಿಸುತ್ತದೆ. ಪೆರುವಿನ ಹುವಾಂತಾ, ಅಬಾಂಕೇ ಎಂಬ ಆಂಡಿಸ್ ಕಣಿವೆಗಳು ಲಸಿಕೆಗೆ ಮುಂಚಿನ ದಿನಗಳಲ್ಲಿ ಈ ರೋಗಕ್ಕೆ ಹೆಸರಾಗಿದ್ದವು. ಕರಾವಳಿಯ ಲಿಮಾದಲ್ಲಿ ಆ ಮಟ್ಟ ಇರಲಿಲ್ಲ. ಅಂದಮೇಲೆ 'ಪೆರುವಿನವರು' ಎನ್ನುವುದೂ ದೊಡ್ಡ ವರ್ಗವೇ ಆಯಿತು. ಅಮೆರಿಕದ ಹಿಸ್ಪಾನಿಕ್ ಜನರಲ್ಲಿ ನೂರಕ್ಕೆ ಸುಮಾರು ಅರವತ್ತು ಮಂದಿ ಮೆಕ್ಸಿಕನ್ ಮೂಲದವರು. ಸರಾಸರಿಯನ್ನು ಕೆಳಕ್ಕೆ ಎಳೆದು ನಿಲ್ಲಿಸಿರುವುದು ಅವರ ಸಂಖ್ಯಾಬಲ. ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಕೂಡಿಸಿ ಭಾಗಿಸಿದಾಗ ಸಿಗುವ ಮಳೆ ಎರಡೂ ಊರಿನಲ್ಲಿ ಬೀಳುವುದಿಲ್ಲ. ಶೇ. 3.8 ಆ ಬಗೆಯ ಅಂಕಿ.

ವರ್ಗವೇ ಕಾರಣವಲ್ಲ ಎನ್ನುವುದಕ್ಕೆ ಇನ್ನೂ ಬಲವಾದ ಪುರಾವೆ ಅದೇ ನಾಲ್ಕು ನಗರಗಳ ಅಧ್ಯಯನದಲ್ಲಿದೆ. ಹೆಪಟೈಟಿಸ್ ಸಿ ವಿಷಯದಲ್ಲಿ ಎಲ್ಲರಿಗಿಂತ ಮೇಲೆ ಇದ್ದವರು ಪೋರ್ಟೊರಿಕನ್ ಗಂಡಸರು, ಶೇ. 11.6, ದಕ್ಷಿಣ ಅಮೆರಿಕ ಮೂಲದ ಗಂಡಸರಲ್ಲಿ ಅದು ಶೇ. 0.4. ಹೆಪಟೈಟಿಸ್ ಬಿಯಲ್ಲಿ ಮೇಲಿದ್ದವರು ಡೊಮಿನಿಕನ್ನರು. ಒಂದೇ ಜನವರ್ಗ, ರಕ್ತದಿಂದ ಹರಡುವ ಎರಡು ವೈರಾಣು, ಆದರೂ ಮುಂದಿರುವವರು ಬೇರೆ ಬೇರೆ. ಹಿಸ್ಪಾನಿಕ್ ಆಗಿರುವುದೇ ಅಪಾಯವಾಗಿದ್ದರೆ ಹೀಗಾಗುತ್ತಿರಲಿಲ್ಲ. ಸಿ ವೈರಾಣುವನ್ನು ಹೆಚ್ಚಾಗಿ ಹರಡಿದ್ದು ಮಾದಕವಸ್ತು ಚುಚ್ಚಿಕೊಳ್ಳುವ ಹಂಚಿಕೊಂಡ ಸೂಜಿಗಳು. ಬಿ ವೈರಾಣುವಿನ ಹಿಂದೆ ಹುಟ್ಟಿದ ನೆಲ, ಬಾಲ್ಯ, ತಾಯಿಯ ಸೋಂಕು, ಲೈಂಗಿಕ ಸಂಪರ್ಕಗಳಿವೆ. ಎರಡರ ಹಿಂದೆ ಎರಡು ಬೇರೆ ಚರಿತ್ರೆ.

ಇಷ್ಟು ಹೇಳಿದ ಮೇಲೆ ಬರುವ ಆಕ್ಷೇಪಗಳಲ್ಲಿ ಮೂರನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮೊದಲನೆಯದು ಸಂಖ್ಯಾಶಾಸ್ತ್ರದವರದು: ಹೀಗೆ ಒಡೆಯುತ್ತಾ ಹೋದರೆ ಕೈಯಲ್ಲಿ ಉಳಿಯುವುದೇನು? ಹದಿನಾರು ಸಾವಿರ ಜನರಲ್ಲಿ ಶೇ. 0.3 ಎಂದರೆ ಅಂದಾಜು ಐವತ್ತು ಮಂದಿ. ಅವರನ್ನು ಆರು ಮೂಲಗಳಿಗೆ, ಮತ್ತೆ ಗಂಡು ಹೆಣ್ಣು ಎಂದು ಹಂಚಿದರೆ ಕೋಷ್ಟಕದ ಒಂದೊಂದು ಮನೆಯಲ್ಲಿ ಬೆರಳೆಣಿಕೆಯ ಜನ. ಒಬ್ಬರು ಹೆಚ್ಚಾದರೆ ಶೇಕಡಾವಾರು ಹಾರುತ್ತದೆ, ಒಬ್ಬರು ಕಡಿಮೆಯಾದರೆ ಕುಸಿಯುತ್ತದೆ. ಇದು ಪೂರ್ತಿ ಸರಿ. ಅದರ ಜೊತೆಗೆ ಇನ್ನೊಂದು ತೊಡಕನ್ನು ನಾನೇ ಸೇರಿಸುತ್ತೇನೆ: ಆ ಅಧ್ಯಯನದ ಡೊಮಿನಿಕನ್ನರು ಬಹುತೇಕ ಬ್ರಾಂಕ್ಸಿನವರು, ಕ್ಯೂಬನ್ನರು ಬಹುತೇಕ ಮಯಾಮಿಯವರು; ಹಾಗಾಗಿ ಮೂಲದ ಪರಿಣಾಮ ಯಾವುದು, ನಗರದ ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ. ಆದರೆ ಈ ಆಕ್ಷೇಪ ನಮ್ಮನ್ನು ಕರೆದೊಯ್ಯುವುದು ಎಲ್ಲಿಗೆ? ಒಡೆದ ಅಂಕಿಗಳನ್ನು ಎಚ್ಚರದಿಂದ ಓದಿ ಎನ್ನುವಲ್ಲಿಗೆ. ಒಡೆಯದ ಅಂಕಿಯನ್ನು ಎಲ್ಲರಿಗೂ ಅಂಟಿಸಿ ಎನ್ನುವಲ್ಲಿಗಲ್ಲ. ಮೇಲಾಗಿ ಕೋರ್ ಆಂಟಿಬಾಡಿಯ ಲೆಕ್ಕದಲ್ಲಿ ಜನ ಸಾಕಷ್ಟು ಸಿಗುತ್ತಾರೆ, ಅಲ್ಲಿ ಡೊಮಿನಿಕನ್ ಮತ್ತು ಮೆಕ್ಸಿಕನ್ ಮೂಲದವರ ನಡುವಿನ ಅಂತರ ಆಕಸ್ಮಿಕ ಎನ್ನಲು ಆಗದಷ್ಟು ದೊಡ್ಡದು.

ಎರಡನೆಯ ಆಕ್ಷೇಪ: ಸಮೀಕ್ಷೆಗಳು ಜೈಲಿನಲ್ಲಿರುವವರನ್ನೂ ಮನೆಯಿಲ್ಲದವರನ್ನೂ ಎಣಿಸುವುದಿಲ್ಲ, ದಾಖಲೆಯಿಲ್ಲದ ವಲಸಿಗರು ಬಾಗಿಲು ತೆರೆಯಲು ಹೆದರುತ್ತಾರೆ, ಆದ್ದರಿಂದ ನಿಜವಾದ ಪ್ರಮಾಣ ಇನ್ನೂ ಹೆಚ್ಚು. ಮೊದಲರ್ಧ ಒಪ್ಪಬೇಕಾದ ಮಾತು. ರಾಷ್ಟ್ರೀಯ ಸಮೀಕ್ಷೆ ಮನೆಗಳಲ್ಲಿ ವಾಸಿಸುವವರನ್ನು ಮಾತ್ರ ಒಳಗೊಳ್ಳುತ್ತದೆ. ದೇಶದಲ್ಲಿ ದೀರ್ಘಕಾಲದ ಸೋಂಕಿರುವವರು 5,80,000ದಿಂದ 24 ಲಕ್ಷದವರೆಗೆ ಎಂದು ಅಷ್ಟು ಅಗಲವಾದ ಅಂದಾಜು ಕೊಡಬೇಕಾಗಿ ಬಂದಿರುವುದಕ್ಕೆ ಇಂಥ ಕೊರತೆಗಳೇ ಕಾರಣ. ಆದರೆ 'ಕಡಿಮೆ ಎಣಿಕೆಯಾಗಿದೆ' ಎನ್ನುವುದರಿಂದ 'ಹಿಸ್ಪಾನಿಕ್ ಜನರಲ್ಲೇ ಹೆಚ್ಚಿದೆ' ಎಂಬ ತೀರ್ಮಾನಕ್ಕೆ ಜಿಗಿಯಲು ದಾರಿಯಿಲ್ಲ. ಎಣಿಕೆಗೆ ಸಿಗದವರು ಎಲ್ಲ ಜನಾಂಗಗಳಲ್ಲೂ ಇದ್ದಾರೆ, ಮತ್ತು ಸಿಗದವರಲ್ಲಿ ಬಹುಪಾಲು ಮೆಕ್ಸಿಕನ್ ಮೂಲದವರಾಗಿದ್ದರೆ ಸರಾಸರಿ ಏರಬೇಕಾದ ಅಗತ್ಯವೂ ಇಲ್ಲ.

ಮೂರನೆಯದು ನನ್ನನ್ನು ಹೆಚ್ಚು ಕಾಡಿದ ಆಕ್ಷೇಪ. ಒಂದು ದೇಶದ ಮೂಲದವರಲ್ಲಿ ಸೋಂಕು ಹೆಚ್ಚು ಎಂದು ಹೆಸರು ಹಿಡಿದು ಹೇಳಿದರೆ ಅವರ ಮೇಲೆ ಕಳಂಕ ಹೊರಿಸಿದಂತೆ ಆಗುವುದಿಲ್ಲವೇ, ಅದೂ ವಲಸಿಗರನ್ನು ರೋಗ ತರುವವರೆಂದು ದೂರುವ ರಾಜಕಾರಣ ಇರುವ ದೇಶದಲ್ಲಿ? ಆಗುತ್ತದೆ. ಈ ಭಯವನ್ನು ಬಾಯಿಮಾತಿನ ಸಮಾಧಾನದಿಂದ ತಳ್ಳಿಹಾಕಬಾರದು. ಆದರೆ ಮೌನ ಇದಕ್ಕೆ ಪರಿಹಾರವಲ್ಲ. ಪರೀಕ್ಷೆಯ ಬಾಗಿಲಲ್ಲಿ ಯಾರ ಊರನ್ನೂ ಕೇಳದಿರುವುದು ಪರಿಹಾರ. 2008ರಿಂದ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ, ಸೋಂಕು ಶೇ. 2ಕ್ಕಿಂತ ಕಡಿಮೆಯಿಲ್ಲದ ಪ್ರದೇಶಗಳಲ್ಲಿ ಹುಟ್ಟಿದವರನ್ನು ಮತ್ತು ಇತರ ಅಪಾಯಗಳಿರುವವರನ್ನು ಪರೀಕ್ಷಿಸಿ ಎಂದಾಗಿತ್ತು. ಅದು ನಡೆಯಬೇಕಾದರೆ ಹತ್ತು ನಿಮಿಷದ ಭೇಟಿಯಲ್ಲಿ ಡಾಕ್ಟರು ರೋಗಿಯ ಹುಟ್ಟೂರು, ಲೈಂಗಿಕ ಬದುಕು, ಸೂಜಿಯ ಬಳಕೆ ಎಲ್ಲವನ್ನೂ ಕೇಳಬೇಕು, ರೋಗಿ ಎಲ್ಲಕ್ಕೂ ಮುಕ್ತವಾಗಿ ಉತ್ತರಿಸಬೇಕು. ಡೊಮಿನಿಕನ್ ಹೆಂಗಸೊಬ್ಬಳ ಕಡತದ ಮೇಲೆ 'ಹಿಸ್ಪಾನಿಕ್' ಎಂದಷ್ಟೇ ಬರೆದಿದ್ದರೆ ಆ ಪ್ರಶ್ನೆಗಳು ಹುಟ್ಟುವುದೇ ಅನುಮಾನ. ದೀರ್ಘಕಾಲದ ಸೋಂಕಿರುವವರಲ್ಲಿ ಮೂರನೇ ಎರಡು ಪಾಲಿನಷ್ಟು ಜನಕ್ಕೆ ತಮಗೆ ಸೋಂಕಿದೆ ಎಂದೇ ತಿಳಿಯದಿರಬಹುದು ಎಂಬ ಅಂದಾಜು ಆ ನೀತಿಯ ಫಲಿತಾಂಶವನ್ನು ಹೇಳುತ್ತದೆ. 2023ರ ಮಾರ್ಚಿನಲ್ಲಿ ರೋಗ ನಿಯಂತ್ರಣ ಕೇಂದ್ರ ತನ್ನ ಸಲಹೆಯನ್ನು ಬದಲಿಸಿತು: 18 ದಾಟಿದ ಪ್ರತಿಯೊಬ್ಬರಿಗೂ ಬದುಕಿನಲ್ಲಿ ಒಮ್ಮೆಯಾದರೂ ಆ ಮೂರು ಸಾಲಿನ ಪರೀಕ್ಷೆ. ಅದಕ್ಕೆ ಒಂದು ವರ್ಷ ಮುಂಚೆ, 19ರಿಂದ 59 ವರ್ಷದ ಎಲ್ಲರಿಗೂ ಲಸಿಕೆ ಎಂಬ ಸಲಹೆ ಬಂದಿತ್ತು. ಎಲ್ಲರಿಗೂ ಎಂದಾಗ ಯಾರ ಹೆಸರೂ ಹಿಡಿಯಬೇಕಿಲ್ಲ.

ಹಾಗಿದ್ದರೆ ಸರಾಸರಿ ಅಂಕಿಯಿಂದ ಏನೂ ಉಪಯೋಗವಿಲ್ಲವೇ? ಇದೆ, ಅದರ ಮಿತಿಯೊಳಗೆ. ದೇಶದಲ್ಲಿ ಸೋಂಕಿನ ಗುರುತು ಇರುವವರು 1999-2002ರಲ್ಲಿ ಶೇ. 5.7 ಇದ್ದದ್ದು 2015-2018ಕ್ಕೆ ಶೇ. 4.3ಕ್ಕೆ ಇಳಿಯಿತು ಎಂದು ನಮಗೆ ತಿಳಿದದ್ದು ಸರಾಸರಿಯಿಂದಲೇ. ಎಲ್ಲ ಶಿಶುಗಳಿಗೆ ಲಸಿಕೆ ಕೊಡಬೇಕೆಂದು 1991ರಲ್ಲಿ ಬಂದ ನೀತಿಯ ಬೆಲೆ ಕಾಣುವುದೂ ಇಂಥ ಅಂಕಿಗಳಲ್ಲೇ. ಆದರೆ ಇಲ್ಲಿಯೂ ಒಂದು ಎಡವಟ್ಟು ಕಾದಿದೆ. ಹಿಸ್ಪಾನಿಕ್ ವಯಸ್ಕರ ಕಡಿಮೆ ಪ್ರಮಾಣವನ್ನು ಕಂಡು ಅವರಿಗೆ ರಕ್ಷಣೆ ಇದೆ ಎಂದು ಭಾವಿಸುವುದು. ವಾಸ್ತವದಲ್ಲಿ ಲಸಿಕೆ ಪಡೆದ ಹಿಸ್ಪಾನಿಕ್ ವಯಸ್ಕರ ಪ್ರಮಾಣ ಬಿಳಿಯರದಕ್ಕಿಂತ ಕಡಿಮೆ. ಮೆಕ್ಸಿಕನ್ ಮೂಲದವರಲ್ಲಿ ಸೋಂಕು ಕಡಿಮೆ ಇರುವುದು ಅವರ ಹಿರಿಯರ ನಾಡಿನಲ್ಲಿ ವೈರಾಣು ಕಡಿಮೆ ಇದ್ದುದರಿಂದ. ಲಸಿಕೆ ಅವರನ್ನು ಕಾಯುತ್ತಿರುವುದರಿಂದ ಅಲ್ಲ. ವರದಿಯ ಮೂರೂ ಸಾಲು ನೆಗೆಟಿವ್ ಇರುವ ಮನುಷ್ಯ ಸುರಕ್ಷಿತನಲ್ಲ, ಇನ್ನೂ ವೈರಾಣುವಿಗೆ ಎದುರಾಗದವನು. ಕಡಿಮೆ ಶೇಕಡಾವಾರು ಎಂದರೆ ಅಂಥವರು ಬಹಳ ಎಂದರ್ಥ. ಇನ್ನು ಶೇ. 0.3ನ್ನು ತಲೆಗಳಿಗೆ ಪರಿವರ್ತಿಸಿ ನೋಡಿ: 2020ರ ಜನಗಣತಿಯಲ್ಲಿ ಹಿಸ್ಪಾನಿಕ್ ಜನಸಂಖ್ಯೆ 6.2 ಕೋಟಿ, ಅದರಲ್ಲಿ ವಯಸ್ಕರು ನಾಲ್ಕು ಕೋಟಿಗೂ ಮೇಲೆ. ಅವರಲ್ಲಿ ಶೇ. 0.3 ಎಂದರೆ ಒಂದು ಲಕ್ಷಕ್ಕಿಂತ ಹೆಚ್ಚು ಜನ. ಔಷಧಿಯಿಂದ ಹತೋಟಿಯಲ್ಲಿಡಬಹುದಾದ, ಬಿಟ್ಟರೆ ಸಿರೋಸಿಸ್‌ಗೋ ಕ್ಯಾನ್ಸರಿಗೋ ತಿರುಗಬಹುದಾದ ಸೋಂಕನ್ನು ಹೊತ್ತ ಒಂದು ಲಕ್ಷ ಜನರನ್ನು 'ಅಪರೂಪ' ಎನ್ನುವ ಹಕ್ಕು ಯಾರಿಗಿದೆ?

ಕನ್ನಡಿಗರು ಈ ಕಥೆಯ ಹೊರಗಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಅದೇ ಕೋಷ್ಟಕದ ಇನ್ನೊಂದು ಸಾಲಿನಲ್ಲಿ, 'ಏಷ್ಯನ್' ಎಂಬ ಹೆಸರಿನಡಿ, ಚೀನಾ, ವಿಯೆಟ್ನಾಂ, ಕೊರಿಯಾ ಮೂಲದವರ ಜೊತೆ ಇದ್ದಾರೆ. ಶೇ. 21.1 ಎನ್ನುವುದು ನಮ್ಮ ಅಂಕಿ ಅಲ್ಲ, ವಿಯೆಟ್ನಾಮಿಯರದೂ ಅಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ: ಭಾರತ ಸೋಂಕು ಮಧ್ಯಮ ಮಟ್ಟದಲ್ಲಿರುವ ದೇಶ, ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಇಲ್ಲಿ ಸುಮಾರು ಮೂರು ಕೋಟಿ ಸೋಂಕಿತರಿದ್ದಾರೆ ಎನ್ನುತ್ತದೆ. ಆ ಮೂರು ಕೋಟಿಯನ್ನೂ ಒಂದೇ ಶೇಕಡಾವಾರಾಗಿ ಓದುವಂತಿಲ್ಲ. ಅಂಡಮಾನಿನ ಕೆಲವು ಬುಡಕಟ್ಟುಗಳಲ್ಲಿ ಪ್ರಮಾಣ ದೇಶದ ಸರಾಸರಿಯ ಹಲವು ಪಟ್ಟು. ಶಿಶುಗಳ ಲಸಿಕೆ ಇಲ್ಲಿ 2002ರಲ್ಲಿ ಕೆಲವೆಡೆ ಪ್ರಾಯೋಗಿಕವಾಗಿ ಶುರುವಾಗಿ ದೇಶವ್ಯಾಪಿಯಾದದ್ದು 2011ರ ಹೊತ್ತಿಗೆ. ಅದಕ್ಕೆ ಮುಂಚೆ ಹುಟ್ಟಿದ ಭಾರತೀಯರಲ್ಲಿ ಬಹಳಷ್ಟು ಜನ, ಅವರು ಹಾಸನದಲ್ಲಿರಲಿ ಹ್ಯೂಸ್ಟನ್ನಿನಲ್ಲಿರಲಿ, ಲಸಿಕೆಯಿಲ್ಲದೆ ಬೆಳೆದವರು.

ಆದ್ದರಿಂದ ನನ್ನ ಕೋರಿಕೆ ಎರಡು ಕಡೆಗೆ. ಆರೋಗ್ಯದ ಸುದ್ದಿ ಬರೆಯುವವರು ಮುಂದಿನ ಸಲ ಇಂಥ ಅಂಕಿಯನ್ನು ಅಚ್ಚಿಗೆ ಕಳಿಸುವ ಮುಂಚೆ ಅದು ಈಗಿನ ಸೋಂಕೋ ಹಿಂದಿನದೋ, ಆ ಗುಂಪಿನೊಳಗೆ ಯಾರ್‍ಯಾರು ಇದ್ದಾರೆ ಎಂಬ ಎರಡು ಸಂಗತಿಗಳನ್ನು ಜೊತೆಗೇ ಬರೆಯಲಿ. ಓದುಗರು, ವಿಶೇಷವಾಗಿ 2011ಕ್ಕಿಂತ ಮುಂಚೆ ಹುಟ್ಟಿ ಒಮ್ಮೆಯೂ ಪರೀಕ್ಷೆ ಮಾಡಿಸಿಕೊಳ್ಳದವರು, ಡಾಕ್ಟರ ಬಳಿ ಹೋದಾಗ ಆ ಮೂರು ಸಾಲಿನ ಪರೀಕ್ಷೆಯನ್ನು ತಾವಾಗಿಯೇ ಕೇಳಿ ಮಾಡಿಸಿಕೊಳ್ಳಲಿ. ಸೋಂಕಿದ್ದರೆ ಚಿಕಿತ್ಸೆ ಇದೆ, ಮೂರೂ ನೆಗೆಟಿವ್ ಇದ್ದರೆ ಲಸಿಕೆ ಇದೆ.